ಎಸ್ಟೀಮ್ ಎಂಪಿಎಫ್‌ಐ: ಬೆಳಿಗ್ಗೆ ಸ್ಟಾರ್ಟ್ ಆಗಲು ತಡ, ಪೆಟ್ರೋಲ್ ವಾಸನೆ, ಘಾಟಿಯಲ್ಲಿ ಎಳೆಯುತ್ತಿಲ್ಲ

ಶಿರಸಿ_ಎಸ್ಟೀಮ್:
ನಮ್ಮ ಮನೆಯಲ್ಲಿ 2004ರ ಮಾರುತಿ ಎಸ್ಟೀಮ್ ಕಾರು ಇದೆ, ಎಂಪಿಎಫ್‌ಐ ಎಂಜಿನ್, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳು ಪೆಟ್ರೋಲ್ ಸಿಂಪಡಿಸುವಂಥದ್ದು. ಅಪ್ಪ ತೆಗೆದುಕೊಂಡ ಗಾಡಿ, ಮಾರುವ ಮಾತೇ ಇಲ್ಲ. ಈ ಮಳೆಗಾಲ ಮುಗಿದ ಮೇಲೆ ತೊಂದರೆ ಶುರುವಾಗಿದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸೆಲ್ಫ್ ಹೊಡೆದರೆ ತುಂಬ ಹೊತ್ತು ತಿರುಗಿದ ಮೇಲೆ ಸ್ಟಾರ್ಟ್ ಆಗುತ್ತದೆ. ಆದ ಕೂಡಲೇ ಸೈಲೆನ್ಸರ್‌ನಿಂದ ಕಪ್ಪು ಹೊಗೆ. ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಕುಮಟಾಕ್ಕೆ ಹೋಗಿ ವಾಪಸ್ ಬರುವಾಗ ದೇವಿಮನೆ ಘಾಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಮುಗ್ಗರಿಸುತ್ತದೆ. ಮೈಲೇಜೂ ಇಳಿದಿದೆ.

ಗ್ಯಾರೇಜಿನವರು ಟ್ಯಾಂಕಿನೊಳಗಿನ ಪಂಪ್ ಬದಲಾಯಿಸೋಣ ಅನ್ನುತ್ತಿದ್ದಾರೆ. ಪೆಟ್ರೋಲ್ ಪ್ರೆಶರ್ ಅಳೆಯುವ ಗೇಜ್ ಹಾಕಿ ನೋಡಿಲ್ಲ. ದುಡ್ಡು ಹಾಕುವ ಮೊದಲು ಏನು ನೋಡಬೇಕು, ಗೊತ್ತಿದ್ದವರು ಹೇಳಿ.

ಮೈಸೂರು_800:
ಪ್ಲಗ್ ಬಿಚ್ಚಿ ನೋಡಿದ್ರಾ? ನಾಲ್ಕೂ ಕಪ್ಪಗೆ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ ಅರ್ಥ. ಒಂದೇ ಪ್ಲಗ್ ಒದ್ದೆ ಇದ್ದರೆ ಆ ಕಡೆಯ ಇಂಜೆಕ್ಟರ್ ಸೋರುತ್ತಿರಬಹುದು.

ಹುಬ್ಬಳ್ಳಿ_ಮೇಸ್ತ್ರಿ:
ಮೊದಲ ಮಾತು: ವಾಸನೆ ಎಲ್ಲಿಂದ ಅಂತ ತಿಳಿಯುವವರೆಗೆ ಗಾಡಿಯನ್ನು ಮುಚ್ಚಿದ ಶೆಡ್‌ನಲ್ಲಿ ನಿಲ್ಲಿಸಬೇಡಿ. ನಿಮ್ಮ ಕಡೆ ಶೆಡ್ಡಿಗೆ ಒತ್ತಿಕೊಂಡೇ ಬಚ್ಚಲ ಒಲೆ ಇರುತ್ತದೆ. ಅಂಗಳದಲ್ಲಿ ನಿಲ್ಲಿಸಿ.

ಇನ್ನು ಪಂಪ್ ವಿಷಯ. ಪಂಪ್ ಸತ್ತಿದ್ದರೆ ಕಪ್ಪು ಹೊಗೆ ಯಾಕೆ ಬರುತ್ತದೆ? ಕಪ್ಪು ಹೊಗೆ ಅಂದರೆ ಪೆಟ್ರೋಲ್ ಹೆಚ್ಚಾಗಿದೆ. ನನ್ನ ಅನುಮಾನ ಪ್ರೆಶರ್ ರೆಗ್ಯುಲೇಟರ್ ಮೇಲೆ, ಅಂದರೆ ಪೆಟ್ರೋಲ್ ಪ್ರೆಶರನ್ನು ಹಿಡಿತದಲ್ಲಿಡುವ ಭಾಗ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪಿನ ತುದಿಯಲ್ಲಿ ಇರುತ್ತದೆ. ಅದರಿಂದ ಒಂದು ಸಣ್ಣ ವ್ಯಾಕ್ಯೂಮ್ ಪೈಪ್, ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಎಂಜಿನ್ ತಣ್ಣಗಿರುವಾಗ ಆ ಪೈಪ್ ಕಿತ್ತು ಮೂಸಿ ನೋಡಿ. ಒಳಗೆ ಪೆಟ್ರೋಲ್ ಪಸೆ ಇದ್ದರೆ ರೆಗ್ಯುಲೇಟರ್ ಒಳಗಿನ ಡಯಾಫ್ರಾಮ್ (ತೆಳು ಪೊರೆ) ಹರಿದಿದೆ. ಪೆಟ್ರೋಲ್ ಅಲ್ಲಿಂದ ನೇರ ಎಂಜಿನ್ನಿಗೆ ಹೋಗುತ್ತದೆ, ನೆಲಕ್ಕೆ ಬೀಳುವುದಿಲ್ಲ. ಹನಿ ಕಾಣದಿರುವುದಕ್ಕೆ ಇದೇ ಕಾರಣ ಇರಬಹುದು.

ಇನ್ನೊಂದು ಸುಲಭದ ಪರೀಕ್ಷೆ. ಬೆಳಿಗ್ಗೆ ನೇರ ಸೆಲ್ಫ್ ಹೊಡೆಯಬೇಡಿ. ಕೀ ಆನ್ ಮಾಡಿದರೆ ಹಿಂದೆ ಪಂಪ್ 2-3 ಸೆಕೆಂಡ್ ಗುಂಯ್ ಅನ್ನುತ್ತದೆ. ಆಫ್ ಮಾಡಿ, ಮತ್ತೆ ಆನ್ ಮಾಡಿ. ಹೀಗೆ ಕೆಲವು ಸಲ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ತಟ್ಟನೆ ಆದರೆ ರಾತ್ರಿಯೆಲ್ಲ ಲೈನಿನ ಪ್ರೆಶರ್ ಇಳಿದುಹೋಗಿತ್ತು ಅಂತ ಲೆಕ್ಕ.

ಆಮೇಲೆ ಗೇಜ್. ಅದಿಲ್ಲದೆ ಪಂಪ್ ಬಿಚ್ಚಲು ಬಿಡಲೇಬೇಡಿ. ಲೈನ್ ಬಿಚ್ಚುವ ಮೊದಲು ಪಂಪ್ ರಿಲೇ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ಇಲ್ಲದಿದ್ದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಗೇಜ್ ಕೂರಿಸಿದ ಮೇಲೆ ಎರಡನ್ನೂ ವಾಪಸ್ ಹಾಕಿ. ಈ ಎಂಜಿನ್ನಿಗೆ ಪಂಪ್ ಓಡುತ್ತಾ ಎಂಜಿನ್ ನಿಂತಿರುವಾಗ ಪ್ರೆಶರ್ ಚದರ ಸೆಂ.ಮೀ.ಗೆ 2.7ರಿಂದ 3.1 ಕೆಜಿ ಇರಬೇಕು. ಐಡ್ಲಿಂಗ್‌ನಲ್ಲಿ 2.1ರಿಂದ 2.6. ಆಫ್ ಮಾಡಿ ಒಂದು ನಿಮಿಷ ಆದರೂ 2ರ ಮೇಲೇ ನಿಲ್ಲಬೇಕು.

ಬೇಗ ಇಳಿದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕಬೇಕು. ಆಫ್ ಮಾಡಿದ ತಕ್ಷಣ ಟ್ಯಾಂಕಿನಿಂದ ಬರುವ ರಬ್ಬರ್ ಹೋಸನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಹಿಸುಕಿ. ಪ್ರೆಶರ್ ಇಳಿಯದೆ ನಿಂತರೆ ಪಂಪಿನೊಳಗಿನ ವಾಲ್ವ್ ಹಿಡಿಯುತ್ತಿಲ್ಲ. ಟ್ಯಾಂಕಿಗೆ ವಾಪಸ್ ಹೋಗುವ ಹೋಸ್ ಹಿಸುಕಿದಾಗ ನಿಂತರೆ ರೆಗ್ಯುಲೇಟರ್. ಎರಡಕ್ಕೂ ನಿಲ್ಲದಿದ್ದರೆ ಇಂಜೆಕ್ಟರ್ ಅಂತ ಬಹಳ ಜನ ಹೇಳುತ್ತಾರೆ. ಆದರೆ ಹರಿದ ಡಯಾಫ್ರಾಮ್ ಇದ್ದರೂ ಹೀಗೇ ಆಗುತ್ತದೆ, ಯಾಕೆಂದರೆ ಆಗ ಪೆಟ್ರೋಲ್ ವ್ಯಾಕ್ಯೂಮ್ ಪೈಪಿನಿಂದ ಹೋಗುತ್ತಿರುತ್ತದೆ. ಅದಕ್ಕೇ ಆ ಪೈಪನ್ನು ಮೊದಲೇ ನೋಡಿ ಅಂದಿದ್ದು. ಎಂಜಿನ್ ಓಡುವಾಗ ಮಾತ್ರ ವಾಪಸ್ ಹೋಸ್ ಹಿಸುಕಬೇಡಿ, ಪ್ರೆಶರ್ ಸಿಕ್ಕಾಪಟ್ಟೆ ಏರುತ್ತದೆ.

ಘಾಟಿಯ ತೊಂದರೆ ಬೇರೆಯೇ ಇರಬಹುದು. ನಿಂತಲ್ಲೇ ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತಿದರೆ ಗೇಜ್ ಮುಳ್ಳು ಮೇಲೆ ಹೋಗಬೇಕು. ಕೆಳಗೆ ಬಂದರೆ ಪೆಟ್ರೋಲ್ ಸಾಲುತ್ತಿಲ್ಲ. ಆಗಲೂ ಮೊದಲು ಫಿಲ್ಟರ್, ಆಮೇಲೆ ಪಂಪಿನ ಜಾಲರಿ, ಕೊನೆಗೆ ಪಂಪ್.

ದಾವಣಗೆರೆ_ವಿನ್:
ಮೇಸ್ತ್ರಿ ಅವರು ಎಲ್ಲಾ ಹೇಳಿದ್ದಾರೆ. ಹೋಸ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 2023ರ ಫೆಬ್ರುವರಿಯಲ್ಲಿ ಇ20 ಪೆಟ್ರೋಲ್ ಬಿಡುಗಡೆಯಾಗಿ ಈಗ ಬಂಕ್‌ಗಳಲ್ಲೆಲ್ಲ ಅದೇ ಸಿಗುತ್ತಿದೆ. ಅದರಲ್ಲಿ ನೂರಕ್ಕೆ 20 ಭಾಗ ಎಥನಾಲ್. 2004ರ ಗಾಡಿಯ ರಬ್ಬರ್ ಅದನ್ನು ಗಮನದಲ್ಲಿಟ್ಟು ಮಾಡಿದ್ದಲ್ಲ. ಮೊದಲೇ ಒಣಗಿದ ಹೋಸ್, ಇಂಜೆಕ್ಟರ್ ಓ-ರಿಂಗ್ ಇದ್ದರೆ ಬೇಗ ಬಿರುಕು ಬಿಡುತ್ತವೆ. ಹೋಸ್ ಬಾಗಿಸಿದಾಗ ಗೀರು ಕಂಡರೆ ಹಿಸುಕಲು ಹೋಗಬೇಡಿ, ಸುಮ್ನೆ ಬದಲಾಯಿಸಿ. ಹೊಸದರ ಮೇಲೆ ಜೆ30ಆರ್9 ಅಂತ ಅಚ್ಚಾಗಿರಲಿ, ಅದು ಇಂಜೆಕ್ಷನ್ ಗಾಡಿಯ ಹೋಸಿನ ಗುರುತು. ಕಾರ್ಬ್ಯುರೇಟರ್ ಗಾಡಿಗೆ ಹಾಕುವ ಅಗ್ಗದ ಹೋಸ್ ಈ ಪ್ರೆಶರಿಗೆ ತಡೆಯುವುದಿಲ್ಲ. ಬೆಂಗಳೂರಿಗೆ ಹೋಗುವವರಿದ್ದರೆ ಜೆಸಿ ರೋಡ್‌ನಲ್ಲಿ ಕೇಳಿ.

ಶಿರಸಿ_ಎಸ್ಟೀಮ್:
ಮೇಸ್ತ್ರಿ ಅಣ್ಣಾ, ವ್ಯಾಕ್ಯೂಮ್ ಪೈಪ್ ಕಿತ್ತರೆ ಒಳಗೆ ಪೆಟ್ರೋಲ್ ಹನಿಯೇ ಇತ್ತು! ಕೀ ಆನ್ ಮಾಡಿದಾಗ ಇನ್ನೂ ಬಂತು. ಬೇರೆ ಗ್ಯಾರೇಜಿನಲ್ಲಿ ಗೇಜ್ ಹಾಕಿಸಿದೆ. ಕೀ ಆನ್‌ನಲ್ಲಿ 2.8 ಬಂತು, ಆಫ್ ಮಾಡಿದರೆ ಸರ್ರನೆ ಇಳಿಯಿತು. ರೆಗ್ಯುಲೇಟರ್ ಬದಲಾಯಿಸಿದ ಮೇಲೆ ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್, ಹೊಗೆ ಇಲ್ಲ, ವಾಸನೆ ಇಲ್ಲ. ಆದರೆ ಆಕ್ಸಿಲರೇಟರ್ ಒತ್ತಿದರೆ ಮುಳ್ಳು ಈಗಲೂ ಸ್ವಲ್ಪ ಕೆಳಗೆ ಬರುತ್ತಿದೆ. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ, ಆಯಿಲ್ ಮಟ್ಟವೂ ಗೆರೆಗಿಂತ ಮೇಲಿದೆ.

ಹುಬ್ಬಳ್ಳಿ_ಮೇಸ್ತ್ರಿ:
ತುಂಬ ಸಂತೋಷ. 2.8 ಕೊಡುವ ಪಂಪನ್ನು ಈಗಲೇ ಎಸೆಯುವುದು ಬೇಡ. ಕಾರಿನ ಕೆಳಗಡೆ ಟ್ಯಾಂಕಿನ ಹತ್ತಿರ ಇರುವ ಪೆಟ್ರೋಲ್ ಫಿಲ್ಟರ್ ಬದಲಾಯಿಸಿ, ಮತ್ತೆ ಗೇಜ್ ನೋಡಿ. ಹಳೆ ಫಿಲ್ಟರನ್ನು ಪೆಟ್ರೋಲ್ ಬರುವ ಕಡೆಯಿಂದ ಬಿಳಿ ಬಟ್ಟೆಯ ಮೇಲೆ ಸುರಿಯಿರಿ, ತುಕ್ಕು ಬಿದ್ದರೆ ಟ್ಯಾಂಕನ್ನೂ ತೊಳೆಸಬೇಕು.

ಆಯಿಲ್ ಮಾತ್ರ ನಾಳೆಗೆ ಇಡಬೇಡಿ. ಪೆಟ್ರೋಲ್ ಬೆರೆತರೆ ಆಯಿಲ್ ನೀರಾಗಿ ಬೇರಿಂಗ್ ತಿನ್ನುತ್ತದೆ. ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡೂ ಬದಲಾಯಿಸಿದ ಮೇಲೇ ಘಾಟಿ ಹತ್ತಿಸಿ.

ಶಿರಸಿ_ಎಸ್ಟೀಮ್:
ಆಯಿಲ್ ಇವತ್ತೇ ಹಾಕಿಸಿದೆ ಅಣ್ಣಾ. ಫಿಲ್ಟರ್ ಹುಬ್ಬಳ್ಳಿಯಿಂದ ಬರಬೇಕು. ಹಾಕಿಸಿ ಗೇಜ್ ಏನು ತೋರಿಸಿತು ಅಂತ ಇಲ್ಲೇ ಬರೆಯುತ್ತೇನೆ.