ಅಪ್‌ಡೇಟ್: ತಲೆ ಆಡಿಸಿದರೂ ಅಕ್ಷರ ಯಾಕೆ ಕಲಸುವುದಿಲ್ಲ?

ಪುಸ್ತಕ ಅಲ್ಲಾಡಿಸಿದರೆ ಅಕ್ಷರ ಕಲಸಿಹೋಗುತ್ತವೆ, ತಲೆ ಅಲ್ಲಾಡಿಸಿದರೆ ಯಾಕಿಲ್ಲ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ಹೇಳಿಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಗುಟ್ಟು ಇರುವುದು ಕಿವಿಯಲ್ಲಿ! ಒಳಕಿವಿಯ ಮೂರು ಅರೆವೃತ್ತದ ನಾಳಗಳು ತಲೆ ತಿರುಗಿದ್ದನ್ನು ಹಿಡಿದು ಮಿದುಳಿನ ಕಾಂಡಕ್ಕೆ ಹೇಳುತ್ತವೆ. ಅಲ್ಲಿಂದ ಕಣ್ಣಿನ ಸ್ನಾಯುಗಳಿಗೆ ಸುದ್ದಿ. ಇಡೀ ದಾರಿಗೆ ಮೂರೇ ನರಕೋಶಗಳ ಸರಪಳಿ. ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣು ತಲೆಯ ಎದುರು ದಿಕ್ಕಿಗೆ ಹೊರಳಲು ಶುರುಮಾಡಿರುತ್ತದೆ, ಹಾಗಾಗಿ ನೋಟ ಅಕ್ಷರದ ಮೇಲೇ ನಿಲ್ಲುತ್ತದೆ. ಪುಸ್ತಕ ಆಡಿದರೆ ಕಣ್ಣು ನೋಡಿಕೊಂಡೇ ಬೆನ್ನಟ್ಟಬೇಕು. ಅದಕ್ಕೆ ಸುಮಾರು 100 ಮಿಲಿಸೆಕೆಂಡ್, ಅಷ್ಟರಲ್ಲಿ ಪುಸ್ತಕ ಇನ್ನೆಲ್ಲೋ!

ಅಂದಹಾಗೆ, ಪವರ್ ಜಾಸ್ತಿಯಾದ ಹೊಸ ಕನ್ನಡಕದಲ್ಲಿ ನೆಲ ತೇಲಿದಂತಿದೆ ಅಂತಲೂ ಗೋಳಾಡಿದ್ದೆ. ಕನ್ನಡಕ ಬದಲಾದರೆ ಕಣ್ಣು ಎಷ್ಟು ಹೊರಳಬೇಕೆಂಬ ಲೆಕ್ಕವೂ ಬದಲಾಗುತ್ತದೆ, ಅದನ್ನು ತಿದ್ದುವುದು ಕಿರುಮಿದುಳು. ಈಗ ಐದನೇ ದಿನ. ಗೋಡೆ ಹಿಡಿಯದೆ ಮೆಟ್ಟಿಲು ಇಳಿಯುತ್ತಿದ್ದೇನೆ.