ಪದ ಬೇಕಿದೆ: ಕೈನೇಸ್, ಸಾಲ್ವೇಜ್ ಪಾಥ್‌ವೇ

ಎಲ್ಲರಿಗೂ ನಮಸ್ಕಾರ,
ಕಾಲೇಜಿನ ವಿಜ್ಞಾನ ಮೇಳಕ್ಕೆ ಥೈಮಿಡಿನ್ ಕೈನೇಸ್ ಅನ್ನೋ ಕಿಣ್ವದ (ಎನ್‌ಜೈಮ್) ಬಗ್ಗೆ ಫಲಕ ಬರೆಯುತ್ತಿದ್ದೇನೆ. ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು. ಡಿಎನ್‌ಎ ಒಡೆದಾಗ ಉಳಿಯುವ ಥೈಮಿಡಿನ್ ಎಂಬ ಘಟಕವನ್ನು ಈ ಕಿಣ್ವ ಹಿಡಿದು, ಕೋಶದ ಶಕ್ತಿ ಅಣುವಾದ ಎಟಿಪಿಯಿಂದ ಒಂದು ಫಾಸ್ಫೇಟ್ ತೆಗೆದು ಅದಕ್ಕೆ ಸೇರಿಸುತ್ತದೆ. ಅದು ಮತ್ತೆ ಡಿಎನ್‌ಎ ಕಟ್ಟಲು ಸಿಗುತ್ತದೆ. ಈ 'ಸಾಲ್ವೇಜ್ ಪಾಥ್‌ವೇ'ಗೆ ಏನನ್ನಲಿ? ಕೈನೇಸ್‌ಗೆ 'ಚಾಲಕ ಕಿಣ್ವ' ಆಗಬಹುದಾ? ಕಿಣ್ವದಲ್ಲಿ ಹಗ್ಗದ ಉರುಳಿನಂತಿರುವ 'ಲಾಸೋ ಲೂಪ್' ಭಾಗಕ್ಕೂ ಒಂದು ಪದ ಹೇಳಿ.

*

'ಚಾಲಕ' ಬೇಡವೇ ಬೇಡ. ಗ್ರೀಕ್ ಬೇರಿಗೆ ಚಲಿಸು ಅನ್ನೋ ಅರ್ಥ ಇದೆ, ಸಿನೆಮಾ ಕೂಡ ಅದೇ ಬೇರಿನದು, ನಿಜ. ಆದರೆ ಬೇರನ್ನು ಅನುವಾದಿಸಿದರೆ ಕೆಲಸ ತಪ್ಪಾಗಿ ಕಾಣುತ್ತದೆ. ಇದು ಏನನ್ನೂ ಓಡಿಸಲ್ಲ, ಫಾಸ್ಫೇಟ್ ಕೂಡಿಸುತ್ತದೆ. ಹೆಸರು ಕೈನೇಸ್ ಅಂತಲೇ ಇರಲಿ. ಕೆಲಸವನ್ನು ಕನ್ನಡದ ಕ್ರಿಯಾಪದದಲ್ಲಿ ಹೇಳಿ.

ಸಾಲ್ವೇಜ್‌ಗೆ 'ಮರುಬಳಕೆ ದಾರಿ' ಸಾಕು. ಲಾಸೋಗೆ 'ಕುಣಿಕೆ' ಚೆನ್ನಾಗಿ ಹೊಂದುತ್ತದೆ. ಮನುಷ್ಯರ ಥೈಮಿಡಿನ್ ಕೈನೇಸ್ 1ರಲ್ಲಿ (ಟಿಕೆ1) ಒಂದೇ ಥರದ ನಾಲ್ಕು ಪ್ರೋಟೀನ್ ಸರಪಳಿಗಳಿವೆ. ಒಂದೊಂದರಲ್ಲೂ ಸತುವಿನ ಅಯಾನು ಹಿಡಿದಿರುವ ಭಾಗ ಇದೆ. ಅಲ್ಲಿನ ಕುಣಿಕೆಯೇ ಥೈಮಿಡಿನ್ ಮೇಲೆ ಮುಚ್ಚಿಕೊಳ್ಳುವುದು.

ಇನ್ನೊಂದು. ಥೈಮಿಡಿನ್‌ನಂತೆ ಫಾಸ್ಫೇಟ್ ಇಲ್ಲದ್ದು ನ್ಯೂಕ್ಲಿಯೊಸೈಡ್, ಇರುವುದು ನ್ಯೂಕ್ಲಿಯೊಟೈಡ್. ಕಲಸಬೇಡಿ. ಒಂದು ಫಾಸ್ಫೇಟ್ ಸೇರಿದ ಕೂಡಲೇ ಡಿಎನ್‌ಎಗೂ ಹೋಗಲ್ಲ, ಬೇರೆ ಕಿಣ್ವಗಳು ಇನ್ನೆರಡು ಕೂಡಿಸಬೇಕು. ಹರ್ಪಿಸ್ ವೈರಸ್ ಸೋಂಕಿಗೆ ಕೊಡುವ ಅಸೈಕ್ಲೊವಿರ್ ಔಷಧಿ ನಡೆಯುವುದೂ ಹೀಗೆ. ಅದಕ್ಕೆ ಮೊದಲ ಫಾಸ್ಫೇಟ್ ಕೂಡಿಸುವುದು ವೈರಸ್‌ನದೇ ಥೈಮಿಡಿನ್ ಕೈನೇಸ್. ಅದರಿಂದಲೇ ಸೋಂಕು ತಗುಲಿದ ಕೋಶದಲ್ಲಿ ಔಷಧಿ ಜಾಸ್ತಿ ಕೆಲಸ ಮಾಡುತ್ತದೆ. ಈ ಔಷಧಿಯ ಹಿಂದಿದ್ದ ಗರ್ಟ್ರೂಡ್ ಎಲಿಯನ್ 1988ರಲ್ಲಿ ನೊಬೆಲ್ ಹಂಚಿಕೊಂಡರು. ಫಲಕಕ್ಕೆ ಇದನ್ನು ಸೇರಿಸಿ, ಮಕ್ಕಳು ನಿಂತು ಓದುತ್ತಾರೆ.

*

ಹೆಸರನ್ನೇ ಬಿಟ್ಟುಕೊಟ್ಟರೆ ಕನ್ನಡದಲ್ಲಿ ವಿಜ್ಞಾನ ಎಲ್ಲಿ ಉಳಿಯಿತು? 'ಕೂಡುಕ' ಅನ್ನಿ. ಮುಗಿಯಿತು.

*

ಮುಗಿಯಲಿಲ್ಲ ಸರ್. ಕಿಣ್ವ ಸಂಸ್ಕೃತದ್ದು, ಹೆಂಡ ತಯಾರಿಸಲು ಹಾಕುವ, ಹುದುಗು ಬರಿಸುವ ಪದಾರ್ಥಕ್ಕೆ ಇದ್ದ ಹೆಸರು. ಅದನ್ನು ತಂದು ನಮ್ಮದು ಅಂದುಕೊಂಡಿದ್ದೇವೆ. ಗ್ರೀಕಿನದು ಮಾತ್ರ ಯಾಕೆ ಬೇಡ? ಎರವಲಿಗೆ ಒಂದೇ ಅಳತೆ ಇರಲಿ. ಅದೂ ಅಲ್ಲದೆ ಡಿಎನ್‌ಎ ತುಂಡುಗಳನ್ನೇ ಕೂಡಿಸುವ ಲೈಗೇಸ್ ಇದೆಯಲ್ಲ, ಕೈನೇಸ್ 'ಕೂಡುಕ' ಆದರೆ ಅದನ್ನು ಏನಂತ ಕರೆಯುತ್ತೀರಿ?