ಆಸ್ಕರ್ ಜೋಡಿಗೆ ಎಷ್ಟು ದೊಡ್ಡ ತೊಟ್ಟಿ ಬೇಕು?

ಪ್ರಶ್ನೆ: ಎರಡು ಅಂಗುಲದ ಮರಿಗಳಾಗಿ ತಂದ ಎರಡು ಆಸ್ಕರ್ ಮೀನುಗಳು ಈಗ ಏಳು ಅಂಗುಲ ಬೆಳೆದಿವೆ. ಇರುವ ತೊಟ್ಟಿ 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಹೊಸದನ್ನು ಮಾಡಿಸಬೇಕೆಂದಿದ್ದೇನೆ, ಮುಂದೆ ಒಂದು ಅರೋವಾನ ಮೀನನ್ನೂ ಸೇರಿಸುವ ಆಸೆಯಿದೆ. ಎಷ್ಟು ಲೀಟರಿನದು ಸಾಕಾದೀತು? ದೊಡ್ಡ ಮೀನು ಸಾಕಿದವರು ದಯವಿಟ್ಟು ತಿಳಿಸಿ.

ಉತ್ತರ 1: ಲೀಟರಿನ ಲೆಕ್ಕಕ್ಕೆ ಮೊದಲು ತೊಟ್ಟಿಯ ಅಗಲವನ್ನು ನೋಡಿ. ನಾನು ಮೊದಲ ಸಲ ಮಾಡಿಸಿದ್ದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ. ನೋಡಲೇನೋ ಭವ್ಯವಾಗಿತ್ತು. ಆದರೆ ಆಸ್ಕರ್ ಒಂದು ಅಡಿ ಬೆಳೆದ ಮೇಲೆ, ಮರದ ಬೊಡ್ಡೆ ಮತ್ತು ಫಿಲ್ಟರಿನ ಕೊಳವೆಗಳು ನುಂಗಿ ಉಳಿಸಿದ ಜಾಗದಲ್ಲಿ ಅದು ತಿರುಗಬೇಕಾದರೆ ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ಬಾಲವನ್ನು ಗಾಜಿಗೆ ಉಜ್ಜಿಕೊಂಡೇ ಹೊರಳಬೇಕಾಗುತ್ತಿತ್ತು. ಕೆಲವೇ ವಾರಗಳಲ್ಲಿ ಬಾಲದ ಅಂಚು ಹರಿದು ಎಳೆಎಳೆಯಾಯಿತು. ಎರಡನೆಯ ತೊಟ್ಟಿಯನ್ನು 4 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರಕ್ಕೆ ಮಾಡಿಸಿದೆ. ಎರಡರಲ್ಲೂ ಹಿಡಿಯುವ ನೀರು ಸುಮಾರು 340 ಲೀಟರ್, ಒಂದು ಲೋಟವೂ ಹೆಚ್ಚಿಲ್ಲ. ಆದರೂ ಮೀನು ಸರಾಗವಾಗಿ ಸುತ್ತತೊಡಗಿತು. ನೀರಿನ ಮೇಲ್ಮೈ 6 ಚದರ ಅಡಿಯಿಂದ 8 ಚದರ ಅಡಿಗೆ ಏರಿದ್ದರಿಂದ ಇನ್ನೊಂದು ಲಾಭವೂ ಆಯಿತು: ಆಮ್ಲಜನಕ ನೀರಿಗಿಳಿಯುವುದು ಮೇಲ್ಮೈಯಿಂದಲೇ ಆದುದರಿಂದ, ಸೆಕೆಯ ದಿನಗಳಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುವುದು ನಿಂತಿತು.

ಪೂರ್ಣ ಬೆಳೆದ ಮೀನಿನ ಉದ್ದದ ನಾಲ್ಕರಷ್ಟಾದರೂ ತೊಟ್ಟಿಯ ಉದ್ದ, ಒಂದೂವರೆಯಿಂದ ಎರಡರಷ್ಟು ಅಗಲ ಎಂಬುದು ಈಗ ನಾನು ಪಾಲಿಸುವ ಅಳತೆ. ಆಸ್ಕರ್ 12ರಿಂದ 14 ಅಂಗುಲ ಬೆಳೆಯುವ ಮೀನು. ಇಂದಿನ ಏಳು ಅಂಗುಲವನ್ನು ಹಿಡಿದು ಲೆಕ್ಕ ಹಾಕಬೇಡಿ.

ಉತ್ತರ 2: ಅಗಲದ ಮಾತನ್ನು ಒಪ್ಪುತ್ತೇನೆ, ಆದರೆ 340 ಲೀಟರ್ ಒಂದು ಆಸ್ಕರಿಗೆ ಸರಿ, ಜೋಡಿಗೆ ಇಕ್ಕಟ್ಟು. ಮೀನು ಉದ್ದದಲ್ಲಿ ಮಾತ್ರವಲ್ಲ, ದಪ್ಪದಲ್ಲಿಯೂ ಎತ್ತರದಲ್ಲಿಯೂ ಬೆಳೆಯುತ್ತದೆ. ನಿಮ್ಮ ಏಳು ಅಂಗುಲದ ಮೀನು ಹನ್ನೆರಡು ಅಂಗುಲವಾದಾಗ ಅದರ ತೂಕ ಹೆಚ್ಚುಕಡಿಮೆ ಐದು ಪಟ್ಟಾಗಿರುತ್ತದೆ; ತಿನ್ನುವುದೂ ಹೇಲುವುದೂ ಅದಕ್ಕೆ ತಕ್ಕಂತೆ ಏರುತ್ತವೆ. ಒಂದು ಅಂಗುಲ ಮೀನಿಗೆ ಇಷ್ಟು ಲೀಟರ್ ಎಂಬ ಸೂತ್ರವು ಪುಟ್ಟ ಟೆಟ್ರಾಗಳಿಗೆ ಹೊಂದೀತೇ ಹೊರತು ಇಂತಹ ಮೀನುಗಳಿಗಲ್ಲ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ, ಅಂದರೆ ಸುಮಾರು 450 ಲೀಟರ್ ಇದ್ದರೆ ಜೋಡಿಗೆ ಸಾಕು. ಆಗಲೂ ವಾರಕ್ಕೊಮ್ಮೆ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ನೀರನ್ನು ಬದಲಿಸದೆ ವಿಧಿಯಿಲ್ಲ, ಏಕೆಂದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನಿಂದ ಬರುವ ವಿಷವಾದ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆಯಾದರೂ ಆ ನೈಟ್ರೇಟ್ ನೀರಿನಲ್ಲಿಯೇ ಉಳಿದು ಕೂಡುತ್ತ ಹೋಗುತ್ತದೆ.

ನಾನು ಮಾಡಿದ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಹೊಸ ತೊಟ್ಟಿಗೆ ಎಲ್ಲವೂ ಹೊಸದಿರಲಿ ಎಂದು ಹಳೆಯ ಫಿಲ್ಟರಿನ ಸ್ಪಂಜನ್ನು ಬಿಸಾಡಿದೆ. ಅದರಲ್ಲಿದ್ದ ಬ್ಯಾಕ್ಟೀರಿಯಾಗಳೂ ಅದರೊಂದಿಗೆ ಹೋದವು. ನಾಲ್ಕನೆಯ ದಿನ ಅಷ್ಟು ದೊಡ್ಡ ತೊಟ್ಟಿಯಲ್ಲಿ ಮೀನುಗಳೆರಡೂ ಕಿವಿರು ಕೆಂಪೇರಿ, ರೆಕ್ಕೆ ಮುದುಡಿ ಮೂಲೆ ಹಿಡಿದಿದ್ದವು. ದಿನವೂ ಅರ್ಧದಷ್ಟು ನೀರು ಬದಲಿಸಿ ಉಳಿಸಿಕೊಂಡೆ. ನೀವು ಹಳೆಯ ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತೊಳೆಯದೆ, ಹಾಗೆಯೇ ಹೊಸ ಫಿಲ್ಟರಿಗೆ ಸೇರಿಸಿ.

ಉತ್ತರ 3: ಅರೋವಾನದ ಆಸೆಯನ್ನು ದಯವಿಟ್ಟು ಬಿಟ್ಟುಬಿಡಿ. ಬೆಳ್ಳಿ ಅರೋವಾನ ಸುಮಾರು 3 ಅಡಿ ಬೆಳೆಯುತ್ತದೆ. ಮೇಲಿನ ಅಳತೆಯನ್ನೇ ಅನ್ವಯಿಸಿದರೆ ತೊಟ್ಟಿಗೆ 12 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ ಬೇಕಾಗುತ್ತದೆ. ಬಳುಕುವ ಮೈಯಾದ್ದರಿಂದ 8 ಅಡಿ ಉದ್ದ, 3 ಅಡಿ ಅಗಲದಲ್ಲಿ ಸಾಕುವವರಿದ್ದಾರೆ, ಆದರೆ ನನಗೆ ಅದೂ ಸಮಾಧಾನವಿಲ್ಲ. ಕಾಡಿನ ನದಿಗಳಲ್ಲಿ ಕೊಂಬೆಯ ಮೇಲಿನ ಹುಳುವನ್ನು ಜಿಗಿದು ಹಿಡಿಯುವ ಮೀನು ಅದು. ಮುಚ್ಚಳಕ್ಕೆ ಭಾರ ಹೇರದಿದ್ದರೆ ಬೆಳಗ್ಗೆ ನೆಲದ ಮೇಲೆ ಸಿಗುತ್ತದೆ. ತೊಟ್ಟಿ ಚಿಕ್ಕದಿದ್ದರೆ ಮೀನೂ ಚಿಕ್ಕದಾಗಿಯೇ ಉಳಿಯುತ್ತದೆ ಎಂದು ಮಾರುವವರು ಹೇಳಿದರೆ ನಂಬಬೇಡಿ. ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ನಿಜ, ಆದರೆ ಅದು ಹೊಂದಾಣಿಕೆಯಲ್ಲ, ನರಳಾಟ.

ಇನ್ನು, 450 ಲೀಟರ್ ಎಂದರೆ ನೀರೊಂದೇ 450 ಕಿಲೋ. ಗಾಜು, ಸ್ಟ್ಯಾಂಡ್, ಕಲ್ಲು ಬೇರೆ. ಮಹಡಿಯ ಮೇಲೆ ಇಡುವುದಾದರೆ ಕಟ್ಟಡ ಬಲ್ಲವರನ್ನು ಮೊದಲೇ ಕೇಳಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಸೀಮೆಸುಣ್ಣದಿಂದ ನೆಲದ ಮೇಲೆ 4 ಅಡಿಗೆ 2 ಅಡಿ ಗೆರೆ ಎಳೆದು, ಅದರೊಳಗೆ 14 ಅಂಗುಲದ ಎರಡು ರಟ್ಟಿನ ತುಂಡುಗಳನ್ನು ಇಟ್ಟು ನೋಡಿದೆ. ಮೂರನೆಯದಕ್ಕೆ ಜಾಗ ಕಾಣಲಿಲ್ಲ. ಅರೋವಾನವನ್ನು ಕೈಬಿಟ್ಟಿದ್ದೇನೆ, ತೊಟ್ಟಿಯ ಉದ್ದವನ್ನು 5 ಅಡಿಗೆ ಏರಿಸಲು ಗೋಡೆಯ ಬದಿಯ ಕಪಾಟನ್ನು ಸರಿಸಬೇಕಿದೆ.